ಗಲ್ಲದಮ್ಮನ ಮನೆಯ ಬೆಳ್ಳಿ ನೀರು

ಬೀದಿ ಅವಳಿಗೆ ಇಟ್ಟ ಹೆಸರು ಗಲ್ಲದಮ್ಮ. ಗಂಡನ ಫೋಟೋ ಸ್ಟುಡಿಯೋದ ಸ್ಟೂಲಿನ ಮೇಲೆ ಯಾರೇ ಬಂದು ಕೂರಲಿ, ಮೇಷ್ಟರಾಗಲಿ ಪೊಲೀಸಿನವನಾಗಲಿ, ಅವಳು ಎದುರು ನಿಂತು ಹೇಳುವುದು ಒಂದೇ ಮಾತು: "ಗಲ್ಲ ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಹಾಂ, ಅಲ್ಲೇ ಇರಲಿ." ಕ್ಯಾಮೆರಾದ ಹಿಂದಿನ ಕೆಲಸ ಗಂಡನದು, ಮುಂದಿನದು ಅವಳದು. ಕಾಲರ್ ಸರಿಮಾಡುವುದು, ಹಣೆಯ ಬೆವರು ಒರೆಸುವುದು, ನಗು ಬಾರದವರನ್ನು ನಗಿಸುವುದು, ಹಲ್ಲು ಕಿರಿಯುವವರ ಬಾಯಿ ಮುಚ್ಚಿಸುವುದು. ಮದುವೆಯಾಗಿ ಬಂದಾಗಿನಿಂದ ಇದನ್ನೇ ಮಾಡಿದವಳು. ಮುಖ ನೋಡಿದರೆ ಸಾಕು, ಇವರಿಗೆ ನಿದ್ದೆ ಕೆಟ್ಟಿದೆಯೋ, ಹೊಟ್ಟೆ ಕೆಟ್ಟಿದೆಯೋ, ಮನೆಯಲ್ಲಿ ಜಗಳವಾಗಿದೆಯೋ ಗಲ್ಲದಮ್ಮ ಹೇಳಿಬಿಡುತ್ತಾಳೆ ಎಂದು ಬೀದಿಯಲ್ಲಿ ಮಾತಿತ್ತು. ಅವಳೂ ಹಾಗೆಯೇ ನಂಬಿಕೊಂಡಿದ್ದಳು. ಈಗ ಅದನ್ನು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಬೀದಿಯವರ ಮುಖವನ್ನೆಲ್ಲ ಓದಿದವಳು ತನ್ನ ಎದುರೇ ಕೂತು ಊಟ ಮಾಡುತ್ತಿದ್ದ ಮುಖವನ್ನು ಓದಲಿಲ್ಲ.

ಗಂಡನನ್ನು ಎಲ್ಲರೂ ಫೋಟೋದಣ್ಣ ಎನ್ನುತ್ತಿದ್ದರು. ಫಿಲಂ ಇದ್ದ ಕಾಲದಲ್ಲಿ ಅವನ ಗತ್ತೇ ಬೇರೆ. ಅಂಗಡಿಗೂ ಮನೆಗೂ ನಡುವೆ ಒಂದು ಕತ್ತಲೆ ಕೋಣೆ. ಅಲ್ಲಿ ಕೆಂಪು ಬಲ್ಬಿನಡಿ ದ್ರಾವಣದ ಟ್ರೇಗಳು, ಕ್ಲಿಪ್ಪಿನಿಂದ ತೂಗುವ ಕಾಗದಗಳು. ಅವನು ಒಳಹೊಕ್ಕು ಬಾಗಿಲು ಹಾಕಿಕೊಂಡರೆ ಅವಳೂ ಬಾಗಿಲು ತಟ್ಟದೆ ಒಳಗೆ ಹೋಗುವಂತಿರಲಿಲ್ಲ. ಆಮೇಲೆ ಕಂಪ್ಯೂಟರು ಬಂತು. ಅವಳು ಕಲಿತಳು, ಅವನು ಕಲಿಯಲಿಲ್ಲ. "ಆ ಇಲಿ ಹಿಡ್ಕೊಂಡು ಕೂರೋದು ನನ್ನ ಕೈಲಾಗಲ್ಲ ಕಣೇ" ಎಂದು ಮೌಸನ್ನು ಪಕ್ಕಕ್ಕೆ ತಳ್ಳಿದ. ಬಟನ್ ಒತ್ತುವುದಷ್ಟೇ ಅವನಿಗೆ ಉಳಿಯಿತು. ಮಿಕ್ಕ ಹೊತ್ತೆಲ್ಲ ಅಂಗಡಿ ಬಾಗಿಲಲ್ಲಿ ಕೂತು ಹೋಗುವವರನ್ನು ಎಣಿಸುತ್ತಿದ್ದ. ಕತ್ತಲೆ ಕೋಣೆಯಲ್ಲಿ ಹಳೆಯ ಪೊರಕೆ, ಮುರಿದ ಛತ್ರಿ ಸೇರಿಕೊಂಡವು.

ಹೀಗಿರುವಾಗ ಒಮ್ಮೆ ಅವನಿಗೆ ಎದೆ ಕಟ್ಟಿ ಜ್ವರ ಬಂತು. ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಮಾತ್ರೆ ನುಂಗುತ್ತಾ ಮಲಗಿದ್ದವನಿಗೆ ಯಾವನೋ ಗಿರಾಕಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಎರಡು ಬೆಳ್ಳಿ ತಂತಿ, ನಾಲ್ಕು ಬ್ಯಾಟರಿ, ಒಂದು ಲೋಟ ಶುದ್ಧ ನೀರು. ತಂತಿಗೆ ಕರೆಂಟು ಹರಿಸಿದರೆ ಬೆಳ್ಳಿ ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ನೀರಿಗೆ ಇಳಿಯುತ್ತದಂತೆ. ಆ ನೀರು ಕುಡಿದರೆ ಮೈಯೊಳಗಿನ ಎಲ್ಲ ರೋಗಾಣುಗಳೂ ಸಾಯುತ್ತವಂತೆ. ಫೋಟೋದಣ್ಣ ಜ್ವರದಲ್ಲೂ ಎದ್ದು ಕೂತ. ಅವನ ಹತ್ತಿರ ಬೆಳ್ಳಿ ಇತ್ತು. ಫೋಟೋ ತೊಳೆದ ದ್ರಾವಣದಲ್ಲಿ ಬೆಳ್ಳಿ ಉಳಿದುಕೊಳ್ಳುತ್ತದೆ. ಅದನ್ನು ಚೆಲ್ಲದೆ ಕೂಡಿಟ್ಟು, ಅಕ್ಕಸಾಲಿಗನ ಕೈಲಿ ಕರಗಿಸಿ, ತಂತಿ ಎಳೆಸಿ ಡ್ರಾಯರಿನಲ್ಲಿ ಇಟ್ಟಿದ್ದ. ಏನಕ್ಕೆ ಎಂದು ಕೇಳಿದರೆ "ಇರಲಿ" ಅನ್ನುತ್ತಿದ್ದ. ಈಗ ಏನಕ್ಕೆ ಎಂದು ಅವನಿಗೆ ಗೊತ್ತಾಗಿಬಿಟ್ಟಿತು.

ಮಾತ್ರೆಯೂ ನುಂಗಿದ, ಬೆಳ್ಳಿ ನೀರೂ ಕುಡಿದ. ಎದೆ ಬಿಟ್ಟಿತು. ಹೆಸರು ಮಾತ್ರ ಪೂರ್ತಿ ನೀರಿಗೇ ಹೋಯಿತು. "ಮಾತ್ರೆ ನುಂಗಿದ್ದು ಮರೆತುಹೋಯ್ತಾ?" ಎಂದು ಅವಳು ಕೇಳಿದರೆ, "ಮಾತ್ರೆ ನುಂಗಿ ಎಷ್ಟೋ ಜನ ಸತ್ತಿದ್ದಾರೆ, ನಮ್ಮಪ್ಪನೂ ನುಂಗಿದ್ದ" ಎಂದ. ಅಪ್ಪ ಕೆಮ್ಮಿ ಕೆಮ್ಮಿ ಆಸ್ಪತ್ರೆಯ ಮಂಚದಲ್ಲೇ ಹೋದವನು. ಆಗ ಮೀಸೆಯೂ ಮೂಡದ ಇವನ ಕೈಗೆ ಒಂದು ಕ್ಯಾಮೆರಾ, ಒಬ್ಬ ಪುಟ್ಟ ತಂಗಿ ಉಳಿದಿದ್ದರು. ಅಪ್ಪನ ಹೆಸರು ಬಂದ ಮೇಲೆ ಗಲ್ಲದಮ್ಮ ಸುಮ್ಮನಾದಳು. ಸುಮ್ಮನಾಗಲು ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಂಡ ಕತ್ತಲೆ ಕೋಣೆಯನ್ನು ಗುಡಿಸಿದ್ದ. ಛತ್ರಿ, ಪೊರಕೆ ಹೊರಗೆ ಬಂದಿದ್ದವು. ಬೆಳಿಗ್ಗೆ ಎದ್ದು ಒಳಹೊಕ್ಕರೆ ಹಳೆಯ ದಿನಗಳ ಹಾಗೆ ಬಾಗಿಲು ಹಾಕಿಕೊಂಡು, ಏನೋ ಗುನುಗುತ್ತಾ ಕೆಲಸ ಮಾಡುತ್ತಿದ್ದ. ಹೋಗಲಿ, ನೀರು ತಾನೆ, ಹೆಂಡವಲ್ಲವಲ್ಲ ಎಂದುಕೊಂಡಳು.

ಮೆಕ್ಯಾನಿಕ್ಕನಿಂದ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ತರಿಸುವುದು, ತಂತಿಗಳನ್ನು ಉಜ್ಜುವುದು, ಟಾರ್ಚ್ ಬಿಟ್ಟು ನೋಡುವುದು. ಬೆಳಕಿನ ಗೆರೆ ನೀರಿನೊಳಗೆ ಎದ್ದು ಕಂಡರೆ ಬೆಳ್ಳಿ ಇಳಿದಿದೆ ಎಂದರ್ಥ. ಬೇಗ ಇಳಿಯಲಿ ಎಂದು ಒಂದು ಚಿಟಿಕೆ ಉಪ್ಪು ಹಾಕುವುದನ್ನು ಅವನೇ ಕಂಡುಹಿಡಿದುಕೊಂಡ. ಉಪ್ಪು ಹಾಕಿದರೆ ನೀರು ಹಾಲಿನ ಹಾಗೆ ಮಂಕಾಗುತ್ತಿತ್ತು. "ನೋಡು, ಎಷ್ಟು ಗಟ್ಟಿ" ಎಂದು ಹೆಮ್ಮೆಪಡುತ್ತಿದ್ದ. ಬೆಳ್ಳಿಗೆ ಬೆಳಕು ಆಗದು, ಬೆಳಕು ಬಿದ್ದರೆ ಕಪ್ಪಾಗುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ. ಆದ್ದರಿಂದ ಬಾಟಲಿಗಳಿಗೆಲ್ಲ ಫೋಟೋ ಕಾಗದದ ಕಪ್ಪು ಹೊದಿಕೆಯನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕೋಣೆಯ ಮೂಲೆಯಲ್ಲಿ ಸಾಲಾಗಿ ಇಡುತ್ತಿದ್ದ. ಬೆಳಿಗ್ಗೆ ಒಂದು ಲೋಟ ಬಗ್ಗಿಸಿಕೊಂಡು ಅಂಗಡಿಯ ಮೆಟ್ಟಿಲಿನ ಮೇಲೆ ಕೂತು, ಬಿಸಿಲು ಕಾಯುತ್ತಾ, ಕಾಫಿಯ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಬೀದಿಯವರು ಕೇಳಿದರೆ ಸಣ್ಣ ಬಾಟಲಿಯಲ್ಲಿ ಕೊಡುತ್ತಿದ್ದ. ನೆಗಡಿಗೆ, ಹಲ್ಲುನೋವಿಗೆ, ಕಣ್ಣುರಿಗೆ, ಎಲ್ಲಕ್ಕೂ ಅದೇ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಧರ್ಮಕ್ಕೆ ಕೊಡುವವನನ್ನು ಬೈಯುವುದಾದರೂ ಹೇಗೆ?

ಬೈಯಬೇಕಾಗಿತ್ತು. ಚೆನ್ನಾಗಿ ಬೈಯಬೇಕಾಗಿತ್ತು.

ಅಂಗಡಿ ತೆರೆದ ಕೂಡಲೇ ಬೆಳಕು ಸರಿಯಿದೆಯೇ ಎಂದು ನೋಡಲು ಗಂಡನನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆಯುವುದು ಅವಳ ರೂಢಿ. ಕೆಲವು ವರ್ಷಗಳಲ್ಲಿ ಆ ಫೋಟೋಗಳಲ್ಲಿ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಲು ಶುರುವಾಯಿತು. ಇಬ್ಬರೂ ಕಂಪ್ಯೂಟರಿನ ಪರದೆಯ ಮುಂದೆ ನಿಂತು ತಲೆ ಕೆರೆದುಕೊಂಡರು. "ಟ್ಯೂಬ್‌ಲೈಟಿಂದು" ಎಂದ ಗಂಡ. ಟ್ಯೂಬ್‌ಲೈಟು ಬದಲಾಯಿತು. ಬೂದಿ ಹೋಗಲಿಲ್ಲ. "ಹಾಗಾದ್ರೆ ಗೋಡೆ ಬಣ್ಣ, ನೀಲಿ ಹೊಡೀತಿದೆ" ಎಂದ. ಗೋಡೆಗೆ ಸುಣ್ಣ ಬಂತು. ಆಮೇಲೆ ಪ್ರಿಂಟರಿನ ಇಂಕು, ಆಮೇಲೆ ಪರದೆ, ಆಮೇಲೆ ಲೆನ್ಸು. ಗಿರಾಕಿಗಳ ಫೋಟೋ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವರಿಬ್ಬರ ತಲೆಗೆ ಹೊಳೆಯಲಿಲ್ಲ. ಕಸುಬು ಗೊತ್ತಿದ್ದವರ ಹಣೆಬರಹ ಇದು. ಫೋಟೋ ಕೆಟ್ಟರೆ ಅವರು ಬೆಳಕನ್ನು ದೂರುತ್ತಾರೆ, ಯಂತ್ರವನ್ನು ದೂರುತ್ತಾರೆ, ಕೂತವನ ಮುಖವನ್ನು ಮಾತ್ರ ದೂರುವುದಿಲ್ಲ. ಕೊನೆಗೆ ಗಲ್ಲದಮ್ಮ ಕಂಪ್ಯೂಟರಿನಲ್ಲಿ ಗಂಡನ ಮುಖಕ್ಕೆ ಒಂದಿಷ್ಟು ಕೆಂಪು ಏರಿಸಿ, ಸರಿಹೋಯಿತು ಎಂದು ಕೈ ಕೊಡವಿಕೊಂಡಳು.

ಈ ಮನೆಯಲ್ಲಿ ಮೂರನೆಯವಳೊಬ್ಬಳಿದ್ದಳು, ಫೋಟೋದಣ್ಣನ ತಂಗಿ. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು, ಹಾಸಿಗೆ ಅಂಗಡಿಯಲ್ಲಿ ದಿಂಬು ತುಂಬಿ ಹೊಲಿಯುವ ಕೆಲಸ. ಸಂಜೆ ಮನೆಗೆ ಬರುವಾಗ ಕೂದಲ ತುಂಬ ಹತ್ತಿ. ಅತ್ತಿಗೆ ನಾದಿನಿಯರಿಗೆ ಹೊಂದಾಣಿಕೆಯೂ ಇತ್ತು, ಕಿತ್ತಾಟವೂ ಇತ್ತು. ಒಂದು ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ಹತ್ತಿಯ ಧೂಳು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. ಸಂಜೆ ಸಂಜೆ ಜ್ವರ ಬಂದು, ರವಿಕೆಗಳೆಲ್ಲ ಸಡಿಲವಾದಾಗ ಗಲ್ಲದಮ್ಮನೇ ಅವಳ ಕೈ ಹಿಡಿದು ಎಳೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಕಫ ಪರೀಕ್ಷೆಯಾಯಿತು. ಟಿಬಿ ಎಂದರು. ಮಾತ್ರೆ ಅವರೇ ಕೊಟ್ಟರು. ತಿಂಗಳುಗಟ್ಟಲೆ ತಪ್ಪದೆ ತಗೊಂಡರೆ ಪೂರ್ತಿ ವಾಸಿ, ಮಧ್ಯೆ ಬಿಟ್ಟರೆ ರೋಗ ಮಾತ್ರೆಗೆ ಬಗ್ಗದ ಹಾಗೆ ಗಟ್ಟಿಯಾಗುತ್ತದೆ ಎಂದು ನರ್ಸು ಎರಡೆರಡು ಸಲ ಹೇಳಿದಳು. ಮೂತ್ರ ಕಿತ್ತಳೆ ಬಣ್ಣ ಬರುತ್ತದೆ, ಹೆದರಬೇಡಿ ಎಂದೂ ಹೇಳಿದಳು.

ನಾದಿನಿ ಹೆದರಲಿಲ್ಲ, ರೇಗಿದಳು. ದಿನಾ ಬೆಳಿಗ್ಗೆ ಬಚ್ಚಲಿನಿಂದ ಬಂದವಳೇ "ಇವತ್ತೂ ಅದೇ ಬಣ್ಣ ಅತ್ತಿಗೆ, ಅಸಹ್ಯ" ಎಂದು ಶುರುಮಾಡುತ್ತಿದ್ದಳು. ಬಾಯಿ ಕಹಿ, ಹೊಟ್ಟೆ ತೊಳಸು, ಅನ್ನ ಸೇರದು. ಅಣ್ಣ ಇದನ್ನೆಲ್ಲ ಕೇಳುತ್ತಾ ಗೋಡೆಗೆ ಒರಗಿ ನಿಂತಿರುತ್ತಿದ್ದ. ಒಂದು ದಿನ ದೂರು ನಿಂತಿತು. ಮರುದಿನವೂ ಇಲ್ಲ. ಮಾತ್ರೆ ಮೈಗೆ ಒಗ್ಗಿತು ಎಂದು ಗಲ್ಲದಮ್ಮ ನಿರಾಳವಾದಳು. ನಿರಾಳವಾದದ್ದೇ ತಪ್ಪು. ಮುಂದಿನ ವಾರ ಹಾಸಿಗೆ ಬಿಸಿಲಿಗೆ ಹಾಕಲು ನಾದಿನಿಯ ದಿಂಬನ್ನು ಎತ್ತಿದರೆ ಅದು ಚರಚರ ಎಂದಿತು. ಹತ್ತಿಯ ದಿಂಬು ಚರಚರ ಅನ್ನುವುದುಂಟೇ? ಹೊಲಿಗೆ ನೋಡಿದರೆ ಹೊಸದು, ನಾದಿನಿಯದೇ ಕೈ, ಅಷ್ಟು ಸಣ್ಣ ಹೊಲಿಗೆ ಇನ್ಯಾರಿಗೂ ಬಾರದು. ಕತ್ತರಿ ತಂದು ಬಿಚ್ಚಿದಳು. ಹತ್ತಿಯ ಜೊತೆ ಪಟ್ಟಿ ಪಟ್ಟಿ ಮಾತ್ರೆಗಳು ನೆಲಕ್ಕೆ ಬಿದ್ದವು.

ಅವುಗಳನ್ನು ಬಾಚಿ ಸೆರಗಿಗೆ ಕಟ್ಟಿಕೊಂಡಳು. ಹಾಸಿಗೆ ಅಂಗಡಿಗೇ ಹೋಗಿ, ಮೂಟೆಗಳ ನಡುವೆ ಕೂತಿದ್ದ ನಾದಿನಿಯ ಮಡಿಲಿಗೆ ಮಾತ್ರೆ ಪಟ್ಟಿಗಳನ್ನು ಹಾಕಿದಳು.

"ಏನೇ ಇದು?"

ನಾದಿನಿ ಸೂಜಿ ಕೆಳಗಿಟ್ಟಳು. "ಅಣ್ಣನ ನೀರು ಕುಡೀತಿದೀನಿ ಅತ್ತಿಗೆ. ಹೊಟ್ಟೆ ತೊಳಸಲ್ಲ. ಎರಡೂ ಒಟ್ಟಿಗೆ ಬೇಡ ಅಂದ."

"ಅವರು ಅಂದ್ರು, ನೀನು ಕೇಳಿದೆ. ನಿಮ್ಮಪ್ಪ ಯಾವುದರಿಂದ ಹೋದ್ರು ಅನ್ನೋದು ಗೊತ್ತಾ ನಿನಗೆ?"

"ಆಸ್ಪತ್ರೆಯಿಂದ ಹೋದ. ಅಣ್ಣ ಹೇಳಿದಾನೆ."

ಇವಳ ಜೊತೆ ಮಾತಾಡಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಮೂಲಕ್ಕೇ ಹೋಗೋಣ ಎಂದು ಮನೆಗೆ ಬಂದು ಕತ್ತಲೆ ಕೋಣೆಯ ಬಾಗಿಲು ದಬದಬ ಬಡಿದಳು. ಗಂಡ ಟಾರ್ಚ್ ಹಿಡಿದೇ ಬಾಗಿಲು ತೆಗೆದ.

"ರೀ, ತಂಗೀನ ಕೊಲ್ಲಬೇಕು ಅಂತಿದೀರಾ?"

"ಏನ್ ಮಾತು ಅಂತ ಆಡ್ತೀಯೇ. ನಾನು ಇಷ್ಟು ವರ್ಷದಿಂದ ಕುಡೀತಿದೀನಿ. ಒಂದು ನೆಗಡಿ ಬಂತಾ?"

"ನಿಮಗೆ ಟಿಬಿ ಬಂದಿತ್ತಾ?"

"ಬರಲಿಲ್ಲ. ಯಾಕೆ ಬರಲಿಲ್ಲ, ಅದನ್ನ ಕೇಳು."

ಈ ತರ್ಕಕ್ಕೆ ಏನು ಉತ್ತರ ಕೊಡುತ್ತೀರಿ? ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸ್ವಲ್ಪ ಉದುರುತ್ತದೆ. ಅವಳು ಕೂಗಾಡಿದಳು, ಅತ್ತಳು, ಅನ್ನ ಬಿಟ್ಟು ಕೂತಳು. ಗಂಡ ಸಮಾಧಾನವಾಗಿ ಕೇಳಿಸಿಕೊಂಡು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗಿತ್ತು. ತಂಗಿಯ ಲೋಟವನ್ನು ದಿನಾ ತಾನೇ ಬಿಸಿನೀರಿನಲ್ಲಿ ತೊಳೆದು, ತಾನೇ ನೀರು ಬಗ್ಗಿಸಿ, ಅವಳು ಕುಡಿದು ಮುಗಿಸುವವರೆಗೂ ಎದುರು ನಿಂತಿರುತ್ತಿದ್ದ. ಅಷ್ಟು ಪ್ರೀತಿಯಿಂದ ಸಾಯಿಸುವವರನ್ನು ಏನು ಮಾಡುವುದು ಎಂದು ಗಲ್ಲದಮ್ಮನಿಗೆ ಯಾರೂ ಕಲಿಸಿರಲಿಲ್ಲ.

ಕೆಮ್ಮಿನಲ್ಲಿ ರಕ್ತದ ಎಳೆ ಕಂಡ ದಿನ ಅವಳು ಅಂಗಡಿಗೆ ಬೀಗ ಹಾಕಿದಳು. "ಮೂರು ಜನಾನೂ ಕ್ಲಿನಿಕ್ಕಿಗೆ ಹೋಗೋದು. ನೀವೂ ಬರಬೇಕು. ನಿಮ್ಮ ನೀರಿನ ವಿಷಯ ಡಾಕ್ಟರ ಮುಂದೇ ಹೇಳಿ" ಎಂದಳು. ಗಂಡ ಹಿಂಜರಿಯಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, ಕಪ್ಪು ಕಾಗದ ಸುತ್ತಿದ ಒಂದು ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಡಾಕ್ಟರಿಗೂ ಕೊಟ್ಟು ಬರುವ ಉದ್ದೇಶ.

ಕ್ಲಿನಿಕ್ಕಿನಲ್ಲಿ ಹೊಸ ನರ್ಸು. ಮೂವರೂ ಬಾಗಿಲಿಗೆ ಬಂದದ್ದೇ ತಡ, ಅವಳು ಕೆಮ್ಮುತ್ತಿದ್ದ ನಾದಿನಿಯ ಕಡೆ ನೋಡದೆ ನೇರ ಫೋಟೋದಣ್ಣನ ತೋಳು ಹಿಡಿದಳು. "ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಎದೆ ನೋವಾ? ಬನ್ನಿ, ಬನ್ನಿ, ಮಲಗಿ." ಅವನು ಬೇಡಬೇಡ ಎನ್ನುವಷ್ಟರಲ್ಲಿ ಮಂಚದ ಮೇಲೆ ಮಲಗಿಸಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿದಳು.

"ರೋಗಿ ಅವರಲ್ಲಮ್ಮ, ಇವಳು" ಎಂದಳು ಗಲ್ಲದಮ್ಮ.

"ಅವರ ತುಟಿ ನೋಡಿ, ಮುಖ ನೋಡಿ, ನೀಲಿಗಟ್ಟಿ ಹೋಗಿದೆ. ಇಷ್ಟು ಹೊತ್ತು ಮನೇಲಿ ಇಟ್ಕೊಂಡಿದ್ರಾ?"

ಗಲ್ಲದಮ್ಮ ನೋಡಿದಳು. ಬಿಳಿ ಹೊದಿಕೆಯ ಮೇಲೆ, ಬಿಳಿ ದಿಂಬಿನ ಮೇಲೆ, ಸುತ್ತ ನಿಂತ ನಾಲ್ಕಾರು ಜನರ ಮುಖಗಳ ನಡುವೆ ಗಂಡನ ಮುಖ ಸ್ಲೇಟಿನ ಬಣ್ಣಕ್ಕಿತ್ತು. ಉಗುರುಗಳೂ ಹಾಗೇ. ಅಂಗಿಯ ಕಾಲರಿನ ಕೆಳಗೆ ಮಾತ್ರ ಅವಳು ಮದುವೆಯಾಗಿ ಬಂದಾಗಿನ ಮೈಬಣ್ಣ ಉಳಿದಿತ್ತು. ಟ್ಯೂಬ್‌ಲೈಟು, ಗೋಡೆ, ಇಂಕು, ಲೆನ್ಸು. ತನ್ನ ಕೈಯಾರೆ ಏರಿಸಿದ ಕೆಂಪು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಕ್ಲಿಪ್ಪಿನಲ್ಲಿ ಬಂದ ಸಂಖ್ಯೆ ನೋಡಿ ನರ್ಸು ಇನ್ನೊಂದು ಕ್ಲಿಪ್ಪು ತಂದಳು. ಅದೂ ಆಕ್ಸಿಜನ್ ಸರಿಯಾಗಿದೆ ಎಂದೇ ತೋರಿಸಿತು. ಆಗ ಡಾಕ್ಟರಮ್ಮ ಬಂದು, ಒಸಡು ನೋಡಿ, ಉಗುರು ಒತ್ತಿ, ಮೆಲ್ಲಗೆ ಕೇಳಿದಳು: "ಬೆಳ್ಳಿ ಇರೋ ಔಷಧಿ ಏನಾದ್ರೂ ತಗೋತಿದೀರಾ?"

ಫೋಟೋದಣ್ಣ ನಳಿಕೆ ಕಿತ್ತು ಎದ್ದು ಕೂತ. ಹೆಮ್ಮೆಯಿಂದ ಚೀಲದೊಳಗಿನ ಬಾಟಲಿ ತೆಗೆದುಕೊಟ್ಟ. ಎಲ್ಲ ವಿವರಿಸಿದ, ಉಪ್ಪಿನ ಚಿಟಿಕೆಯನ್ನೂ ಬಿಡಲಿಲ್ಲ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡಳು. "ಆ ಬೆಳ್ಳಿಯೆಲ್ಲ ನಿಮ್ಮ ಚರ್ಮದಲ್ಲಿ ಕೂತುಬಿಟ್ಟಿದೆ. ಬೆಳಕು ಬಿದ್ದ ಕಡೆ..." ಎಂದು ಶುರುಮಾಡಿದಳು. ಅವಳು ಮುಗಿಸುವ ಮೊದಲೇ ಅವನಿಗೆ ಅರ್ಥವಾಗಿತ್ತು. ಆ ಕೋಣೆಯಲ್ಲಿ ಅದು ಅರ್ಥವಾಗಬೇಕಾದವನು ಅವನೊಬ್ಬನೇ. ಬೆಳ್ಳಿ ಹಚ್ಚಿದ ಕಾಗದಕ್ಕೆ ಬೆಳಕು ಬಿಟ್ಟರೆ ಏನಾಗುತ್ತದೆ ಎಂದು ಜೀವಮಾನವೆಲ್ಲ ಕಂಡವನು.

"ಹೋಗುತ್ತಾ ಇದು?" ಎಂದು ಕೇಳಿದ.

"ಇಲ್ಲ."

"ಯಾವುದರಿಂದಲೂ?"

"ಯಾವುದರಿಂದಲೂ ಇಲ್ಲ. ಕುಡಿಯೋದು ನಿಲ್ಲಿಸಿದ್ರೆ ಇನ್ನೂ ಕಪ್ಪಾಗೋದು ನಿಲ್ಲಬಹುದು, ಅಷ್ಟೇ."

ಆಮೇಲೆ ಡಾಕ್ಟರಮ್ಮ ನಾದಿನಿಯ ಕಡೆ ತಿರುಗಿ ಮತ್ತೆ ಕಫ ಪರೀಕ್ಷೆಗೆ ಬರೆದಳು. ಇವತ್ತಿನಿಂದಲೇ ಮಾತ್ರೆ ಶುರುಮಾಡಬೇಕು, ಇನ್ನೊಮ್ಮೆ ಬಿಟ್ಟರೆ ಏನೂ ಹೇಳಲಾಗದು ಎಂದಳು. ನಾದಿನಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರ ಮಾತು ಕಿವಿಗೆ ಹೋಯಿತೋ ಇಲ್ಲವೋ.

ಮನೆಗೆ ಬಂದ ಮೇಲೆ ಗಲ್ಲದಮ್ಮನಿಗೆ ತಡೆಯಲಾಗಲಿಲ್ಲ. "ಬಾಟಲಿಗೆ ಬಿಸಿಲು ತಾಗಬಾರದು ಅಂತ ಕಪ್ಪು ಕಾಗದ ಸುತ್ತಿದ್ರಿ. ಕುಡಿದು ನೀವೇ ಬಿಸಿಲಲ್ಲಿ ಕೂತ್ರಿ. ಬಾಟಲಿಗೆ ಇದ್ದ ಬೆಲೆ ನಿಮ್ಮ ಮೈಗೆ ಇರಲಿಲ್ವಾ?" ಎಂದಳು. ಅವನು ಕತ್ತಲೆ ಕೋಣೆಗೆ ಹೋದ. ಬಾಟಲಿಗಳನ್ನು ಒಂದೊಂದಾಗಿ ಬಚ್ಚಲಿಗೆ ಸುರಿಯುವ ಸದ್ದು ಕೇಳಿಸಿತು. ಗಲ್ಲದಮ್ಮ ಅಡುಗೆಮನೆಯಲ್ಲಿ ನಿಂತು ಆ ಸದ್ದನ್ನು ಕೊನೆಯ ಬಾಟಲಿಯವರೆಗೂ ಕೇಳಿದಳು. ಮುಖ ಹೋದರೆ ಹೋಗಲಿ, ಪೀಡೆಯಾದರೂ ತೊಲಗಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲಿಂದ ತೊಲಗುತ್ತದೆ. ಮಾರನೆಯ ಬೆಳಿಗ್ಗೆ ಗುನುಗು ಕೇಳಿಸಿತು. ಹೋಗಿ ನೋಡಿದರೆ ಗಂಡ ಹೊಸ ಲೋಟಕ್ಕೆ ತಂತಿ ಇಳಿಬಿಟ್ಟುಕೊಂಡು ಕೂತಿದ್ದಾನೆ.

"ಉಪ್ಪಿಂದು ಕಣೇ" ಎಂದ, ತಲೆಯೆತ್ತದೆ. "ರಾತ್ರಿಯೆಲ್ಲ ಯೋಚನೆ ಮಾಡಿದೆ. ನೀರಿನ ತಪ್ಪಲ್ಲ. ಉಪ್ಪು ಹಾಕಬಾರದಿತ್ತು. ಉಪ್ಪು ಹಾಕಿದ್ದಕ್ಕೇ ಬೆಳ್ಳಿ ದಪ್ಪ ಆಯ್ತು. ಇನ್ಮೇಲೆ ಉಪ್ಪಿಲ್ಲದೆ ಮಾಡ್ತೀನಿ. ಬಿಸಿಲಿಗೂ ಹೋಗಲ್ಲ."

ಗಲ್ಲದಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಒಬ್ಬ ಮನುಷ್ಯನನ್ನು ಅವನ ಮುಖಕ್ಕೇ ಬದಲಾಯಿಸಲಾಗದಿದ್ದರೆ ಹೆಂಡತಿಯ ಬಾಯಿ ಏನು ಬದಲಾಯಿಸೀತು?

"ನಿಮ್ಮ ಮುಖ, ನಿಮ್ಮ ಇಷ್ಟ" ಎಂದಳು. "ಅವಳ ಎದೆ ನನಗೆ ಬಿಡಿ."

ಆದರೆ ಎದೆಯೂ ಅವಳ ಕೈಗೆ ಸಿಗಲಿಲ್ಲ. ನಾದಿನಿ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು, ಬಾಯಿಗೆ ಹಾಕಿಕೊಳ್ಳಲೊಲ್ಲಳು. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಕೊನೆಗೆ ಬಾಯಿ ಬಿಟ್ಟಳು.

"ಅಣ್ಣ ನೀರು ಬಿಟ್ಟರೆ ನಾನು ಮಾತ್ರೆ ತಗೋತೀನಿ ಅತ್ತಿಗೆ. ಅವನು ಕುಡೀತಾ ಇದ್ರೆ ನಾನೂ ಅದನ್ನೇ ಕುಡೀತೀನಿ."

"ಹುಚ್ಚಿ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಅವರ ಮುಖ ನೋಡಿದೆ ತಾನೆ?"

"ನೋಡಿದೆ. ಅದಕ್ಕೇ ಹೇಳ್ತಿರೋದು." ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಉಸಿರು ತಂದುಕೊಂಡು ಮುಂದುವರಿಸಿದಳು. "ಅವನು ಇನ್ನು ಸಾಯೋವರೆಗೂ ಆ ಮುಖ ಹೊತ್ಕೊಂಡು ತಿರುಗಬೇಕು. ಆ ನೀರಲ್ಲಿ ಏನೋ ಇದೆ ಅನ್ನೋ ಒಂದು ನಂಬಿಕೆ ಇದೆ ಅವನಿಗೆ. ಅವನು ಅದನ್ನ ಹಿಡ್ಕೊಂಡು ಕೂತಿರುವಾಗ ನಾನು ಅವನ ಎದುರಿಗೇ ಮಾತ್ರೆ ನುಂಗಿ ವಾಸಿಯಾಗಿ, ನಿನ್ನ ಮುಖ ಹೋಗಿದ್ದು ದಂಡಕ್ಕೆ ಅಂತ ತೋರಿಸಬೇಕಾ? ನನ್ನನ್ನ ಸಾಕಿದವನು ಅವನು. ನನ್ನ ಕೈಲಾಗಲ್ಲ. ಅವನಾಗಿ ಬಿಡಲಿ."

ಅಣ್ಣನೂ ತಂಗಿಯೂ ಒಂದೇ ಮರದಲ್ಲಿ ಕಡಿದ ಹಲಗೆಗಳು. ಗಲ್ಲದಮ್ಮ ಎದ್ದು ಅಂಗಳಕ್ಕೆ ಹೋಗಿ, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು. ಅಷ್ಟು ಜೋರಾಗಿ ತೊಳೆದಳೆಂದರೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನೋಡಿ, ಮಾತಾಡಿಸದೆ ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕೂತ ಗಂಡನಿಗೆ ನಾದಿನಿ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಬಣ್ಣ ಹಚ್ಚಲಿಲ್ಲ, ಅಳಲಿಲ್ಲ. "ಇಷ್ಟೇ ಅವಳು ಅಂದಿದ್ದು. ನನಗೆ ಇನ್ನು ಹೇಳೋಕೆ ಏನೂ ಉಳಿದಿಲ್ಲ" ಎಂದು ಮುಗಿಸಿದಳು. ಅವನ ಕೈ ಅನ್ನದಲ್ಲೇ ನಿಂತಿತು. ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಸಂಜೆ ಗಿರಾಕಿಗಳು ಬಂದರೂ ಒಳಗಿನಿಂದ ಬರಲಿಲ್ಲ. ಅವಳೇ ಬಟನ್ ಒತ್ತಿದಳು.

ಮರುದಿನ ಬೆಳಿಗ್ಗೆ ಅವಳು ಸಾಮಾನು ತೆಗೆಯಲು ಕತ್ತಲೆ ಕೋಣೆಗೆ ಹೋದಾಗ ಕಪಾಟಿನ ಹಿಂದೆ, ಹಳೆಯ ಟ್ರೇಗಳ ಮರೆಯಲ್ಲಿ, ಒಂದು ಬಾಟಲಿ ಕಂಡಿತು. ಕಪ್ಪು ಕಾಗದ ಹೊಸದು. ಎತ್ತಿ ನೋಡಿದಳು. ಅರ್ಧ ಖಾಲಿ. ಪಕ್ಕದಲ್ಲಿ ಬೋರಲು ಹಾಕಿದ ಲೋಟದ ಅಂಚು ಇನ್ನೂ ಒದ್ದೆ. ಬಾಟಲಿಯನ್ನು ಹಿಡಿದು ಒಡೆಯಬೇಕು ಎಂದು ಕೈ ಎತ್ತಿದಳು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಗಂಡನ ದನಿ ಕೇಳಿಸಿತು. ಬಾಟಲಿಯನ್ನು ಇದ್ದ ಕಡೆಯೇ ಇಟ್ಟು ಹೋದಳು.

ಗಂಡ ತಂಗಿಯ ಮಂಚದ ಪಕ್ಕ ನಿಂತಿದ್ದ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಲೋಟ. ಲೋಟ ತುಂಬಿ ನೆಲದ ಮೇಲೂ ಚೆಲ್ಲಿತ್ತು.

"ನಲ್ಲಿ ನೀರು" ಎಂದ. "ಈಗಷ್ಟೇ ಹಿಡಿದೆ. ಇದರಲ್ಲಿ ಏನೂ ಇಲ್ಲ."

ತಂಗಿ ಅವನ ಮುಖ ನೋಡಿದಳು. "ನೀನು ಬಿಟ್ಟೆಯಾ?"

"ಬಿಟ್ಟೆ."

"ನಿಜ?"

"ನಿಜ. ಅದರಲ್ಲಿ ಏನೂ ಇರಲಿಲ್ಲ ಕಣಮ್ಮ. ಸುಮ್ಮನೆ ಕುಡಿದೆ. ನುಂಗು."

ತಂಗಿ ಮಾತ್ರೆಯನ್ನು ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ. ಅಣ್ಣ ಸುಳ್ಳು ಹೇಳಬಲ್ಲ ಎಂದು ಅವಳಿಗೂ ಗೊತ್ತು. ಆ ಮನೆಯಲ್ಲಿ ಸುಳ್ಳನ್ನು ಒಂದು ದಿನವೂ ಬಾಗಿಲು ದಾಟಲು ಬಿಡದವಳು ಅತ್ತಿಗೆಯೊಬ್ಬಳೇ. ನಾದಿನಿ ಅವಳ ಕಡೆ ತಿರುಗಿದಳು.

"ಹೌದಾ ಅತ್ತಿಗೆ? ಅಣ್ಣ ಬಿಟ್ಟನಾ?"

ಗಂಡನೂ ತಿರುಗಿದ. ಆ ಸ್ಲೇಟಿನ ಮುಖದಲ್ಲಿ ಕಣ್ಣುಗಳು ಮಾತ್ರ ಬೆಳ್ಳಗೆ, ಅವಳನ್ನೇ ನೋಡುತ್ತಿದ್ದವು. ಕತ್ತಲೆ ಕೋಣೆಯ ಕಡೆಯಿಂದ ಬಂದವಳು ಬಾಟಲಿಯನ್ನು ನೋಡಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು. ಇಲ್ಲ ಎಂದು ಒಂದು ಮಾತು ಹೇಳಿದರೆ ಅವನ ಹಠವನ್ನು ಇಲ್ಲಿಯೇ, ತಂಗಿಯ ಎದುರೇ ಮುರಿಯಬಹುದಿತ್ತು. ಇಷ್ಟು ವರ್ಷದಿಂದ ಅವಳು ಕಾಯುತ್ತಿದ್ದುದೂ ಅದಕ್ಕೇ. ಗಲ್ಲದಮ್ಮ ನಾದಿನಿಯ ಅಂಗೈಯಲ್ಲಿದ್ದ ಮಾತ್ರೆಯನ್ನು ನೋಡಿದಳು.

"ಬಿಟ್ರು ಕಣೇ" ಎಂದಳು. "ನಾನೇ ನೋಡಿದೆ. ನೀನು ನುಂಗು."

ನಾದಿನಿ ನುಂಗಿದಳು.